ಕಾರಹುಣ್ಣಿಮೆಗೆ ಟಗರು, ಗೌರಿ ಹುಣ್ಣಿಮೆಗೆ ಮರಿ

ಕುರಿ ಗಬ್ಬ ನಿಂತ ದಿನದಿಂದ ಈಯುವ ದಿನದವರೆಗೆ ಸುಮಾರು 147ರಿಂದ 150 ದಿನಗಳು ಬೇಕೆಂದು ಪಶುವೈದ್ಯರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಈ ಲೆಕ್ಕವನ್ನು ಯಾರೂ ದಿನಗಳಲ್ಲಿ ಹಿಡಿಯುವುದಿಲ್ಲ. ಅವ್ವ ಹುಣ್ಣಿಮೆಗಳನ್ನು ಎಣಿಸುತ್ತಾಳೆ. ಜ್ಯೇಷ್ಠದ ಕಾರಹುಣ್ಣಿಮೆಗೆ ಟಗರು ಬಿಟ್ಟರೆ ಅಲ್ಲಿಂದ ಐದನೆಯದಾದ ಕಾರ್ತಿಕದ ಗೌರಿ ಹುಣ್ಣಿಮೆಗೆ ಮರಿ ಎಂಬುದು ಅವಳ ಲೆಕ್ಕ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಇಪ್ಪತ್ತೊಂಬತ್ತೂವರೆ ದಿನಗಳಾಗುವುದರಿಂದ ಐದು ಹುಣ್ಣಿಮೆಗಳಿಗೆ 147 ದಿನಗಳ ಮೇಲೆ ಅರ್ಧ ದಿನ ಹೆಚ್ಚಾಗುತ್ತದೆ. ವೈದ್ಯರ ಲೆಕ್ಕಕ್ಕೂ ಅವ್ವನ ಲೆಕ್ಕಕ್ಕೂ ಹೆಚ್ಚಿನ ಅಂತರವಿಲ್ಲ. 2025ರಲ್ಲಿ ಜ್ಯೇಷ್ಠದ ಹುಣ್ಣಿಮೆ ಜೂನ್ 11ರಂದು, ಕಾರ್ತಿಕದ ಹುಣ್ಣಿಮೆ ನವೆಂಬರ್ 5ರಂದು ಬಂದಿದ್ದವು. ನಡುವಿನ ದಿನಗಳನ್ನು ಕೂಡಿಸಿದರೆ ಸರಿಯಾಗಿ 147. ಅಧಿಕ ಮಾಸ ನಡುವೆ ನುಸುಳಿದರೆ ಮಾತ್ರ ಹಬ್ಬದ ಹೆಸರು ತಪ್ಪುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ಮರಿಗಳ ಹುಣ್ಣಿಮೆ ಗೌರಿಯದಾಗದೆ ಆಶ್ವಯುಜದ ಸೀಗಿಯದಾಯಿತು. ಕುರಿಗೆ ಪಂಚಾಂಗ ಓದಲು ಬರುವುದಿಲ್ಲವೆಂದು ಅಪ್ಪ ನಕ್ಕ. ಅವ್ವ ಎಣಿಸುವುದು ಹುಣ್ಣಿಮೆಗಳನ್ನೇ ಹೊರತು ಹಬ್ಬಗಳನ್ನಲ್ಲವಾದ್ದರಿಂದ ಅವಳ ಸಿದ್ಧತೆಯಲ್ಲಿ ಯಾವ ಏರುಪೇರೂ ಆಗಲಿಲ್ಲ.

ನಮ್ಮದು ಹುನಗುಂದ ತಾಲ್ಲೂಕಿನ ಎರೆ ಹೊಲ, ಅದರ ಅಂಚಿನಲ್ಲೊಂದು ಕುರಿ ದಡ್ಡಿ, ದಡ್ಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ಹೆಣ್ಣು ಕುರಿಗಳು ಮತ್ತು ಒಂದೇ ಒಂದು ಟಗರು. ಇಷ್ಟು ಕುರಿಗೆ ಒಂದು ಟಗರು ಧಾರಾಳವಾಗಿ ಸಾಕು. ಸುತ್ತಲಿನ ಹೆಚ್ಚಿನ ಹಟ್ಟಿಗಳಲ್ಲಿ ಟಗರು ವರ್ಷವಿಡೀ ಹಿಂಡಿನಲ್ಲೇ ಇರುತ್ತದೆ; ಮರಿಗಳೂ ವರ್ಷವಿಡೀ ಒಂದೊಂದಾಗಿ ಬೀಳುತ್ತಿರುತ್ತವೆ. ನೂರಾರು ಕುರಿ ಹೊಡೆದುಕೊಂಡು ಊರೂರು ಅಲೆಯುವವರಿಗೆ ಅದು ಅನಿವಾರ್ಯವಿರಬಹುದು, ಏಕೆಂದರೆ ಅವರಿಗೆ ಯಾವ ತಿಂಗಳಲ್ಲೂ ಒಂದಷ್ಟು ಕಾಸು ಕೈಗೆ ಬರಬೇಕು. ಆದರೆ ಒಂದೇ ಕಡೆ ನಿಂತು ಸಾಕುವ ಸಣ್ಣ ಮನೆಗೆ ಅದು ತಕ್ಕುದಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಆದ್ದರಿಂದ ನಾವು ಕಾರಹುಣ್ಣಿಮೆಯವರೆಗೆ ಟಗರಿನ ಹೊಟ್ಟೆಯ ಕೆಳಗೆ ಗೋಣಿತಟ್ಟಿನ ತುಂಡೊಂದನ್ನು ಅಡ್ಡಲಾಗಿ ಕಟ್ಟಿ ಮೇಯಲು ಬಿಡುತ್ತೇವೆ. ಹುಣ್ಣಿಮೆಯ ಮರುದಿನ ತಟ್ಟನ್ನು ಬಿಚ್ಚುತ್ತೇವೆ. ಕುರಿ ಬೆದೆಗೆ ಬರುವುದು ಹದಿನೇಳು ದಿನಗಳಿಗೊಮ್ಮೆಯಾದ್ದರಿಂದ, ಮುಂದಿನ ಹುಣ್ಣಿಮೆ ಕಳೆದು ನಾಲ್ಕು ದಿನವಾಗುವವರೆಗೆ ಟಗರು ಜೊತೆಯಲ್ಲಿದ್ದರೆ ಪ್ರತಿ ಕುರಿಗೂ ಎರಡು ಅವಕಾಶ ಸಿಕ್ಕಂತಾಗುತ್ತದೆ. ಹೀಗಾಗಿ ನಮ್ಮಲ್ಲಿ ಈಯುವ ಕೆಲಸವೆಲ್ಲ ಗೌರಿ ಹುಣ್ಣಿಮೆ ಮತ್ತು ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗಳ ನಡುವೆಯೇ ಹೆಚ್ಚು ಕಡಿಮೆ ಮುಗಿದುಹೋಗುತ್ತದೆ.

ಆ ತಿಂಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ಗಬ್ಬದ ತಿಂಗಳುಗಳಲ್ಲಿ ಮಳೆಗಾಲದ ಹಸಿ ಮೇವು ಬದುಗಳ ಮೇಲೆ ಪುಕ್ಕಟೆಯಾಗಿ ಸಿಗುತ್ತದೆ. ಮರಿ ಬೀಳುವ ವೇಳೆಗೆ ಮಳೆ ನಿಂತು ದಡ್ಡಿಯ ನೆಲ ಒಣಗಿರುತ್ತದೆ. ಆಷಾಢ ಶ್ರಾವಣಗಳಲ್ಲಿ ಹುಟ್ಟಿದ ಮರಿಗಳು ಕೆಸರಿನಲ್ಲಿ ತೊಯ್ದು ಕೆಮ್ಮುವುದನ್ನು ಒಮ್ಮೆ ಕಂಡವರಿಗೆ ಒಣ ನೆಲದ ಬೆಲೆ ಗೊತ್ತಿರುತ್ತದೆ. ಮರಿಗಳು ಮೂರು ತಿಂಗಳಿನವಾಗಿ ಹಾಲು ಬಿಡುವ ಹೊತ್ತಿಗೆ ಹಿಂಗಾರಿ ಬಿಳಿಜೋಳ ಮತ್ತು ಕಡಲೆಯ ಸುಗ್ಗಿ ನಡೆದಿರುತ್ತದೆ, ಕೊಯ್ದ ಹೊಲಗಳು ಮೇಯಲು ತೆರೆದಿರುತ್ತವೆ. ಚಳಿಯೊಂದೇ ಈ ಲೆಕ್ಕದಲ್ಲಿರುವ ಕೊರತೆ. ಅದರ ಮಾತು ಮುಂದೆ ಬರುತ್ತದೆ.

ಮರಿ ಉಳಿಯುವುದೋ ಇಲ್ಲವೋ ಎಂಬುದು ಈಯುವ ರಾತ್ರಿಗಿಂತ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಹೊಟ್ಟೆಯೊಳಗಿನ ಮರಿಯ ತೂಕದ ಮೂರರಲ್ಲಿ ಎರಡು ಪಾಲು ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಅದೇ ಸಮಯದಲ್ಲಿ ಬೆಳೆದ ಮರಿ ಹೊಟ್ಟೆಯನ್ನೆಲ್ಲ ತುಂಬಿಕೊಳ್ಳುವುದರಿಂದ ತಾಯಿಗೆ ಒಣ ಕಣಿಕಿಯನ್ನು ಹೆಚ್ಚು ತಿನ್ನಲು ಒಳಗೆ ಜಾಗವೂ ಇರುವುದಿಲ್ಲ. ಕಡಿಮೆ ತಿಂದರೂ ಸತ್ವ ಸಿಗುವಂಥದ್ದನ್ನು ಕೊಡಬೇಕಾದ ಕಾಲವದು. ಮೇಯ್ದು ಬಂದ ಕುರಿಗಳಿಗೆ ಸಂಜೆ ಗೋವಿನಜೋಳದ ನುಚ್ಚು ಮತ್ತು ಶೇಂಗಾ ಹಿಂಡಿ ಬೆರೆಸಿ ತಲೆಗೆ ಕಾಲು ಕಿಲೋದಷ್ಟು ಹಾಕುತ್ತೇವೆ. ಮುಂಗಾರಿ ಶೇಂಗಾ ಕಿತ್ತ ಮೇಲೆ ಉಳಿದ ಹೊಟ್ಟು ರಾತ್ರಿಯ ಮೇವು. ಹಿಂಡಿಯ ದರ ನೋಡಿ ಅಪ್ಪ ಪ್ರತಿ ವರ್ಷವೂ ಗೊಣಗುತ್ತಾನೆ. ಆದರೆ ಮೇವಿಲ್ಲದೆ ಸೊರಗಿದ ಕುರಿ ಎರಡು ಕಿಲೋ ತೂಗದ ಮರಿ ಹಾಕಿ, ಅದಕ್ಕೂ ಸಾಲದಷ್ಟು ಹಾಲು ಇಳಿಸಿದಾಗ ಆಗುವ ನಷ್ಟದ ಮುಂದೆ ಆ ಹಿಂಡಿಯ ಖರ್ಚು ದೊಡ್ಡದಲ್ಲ. ನಮ್ಮ ಭಾಗದ ದಖನಿ ಜಾತಿಯ ಕುರಿಗಳಲ್ಲಿ ಅವಳಿ ಅಪರೂಪ. ಅವಳಿ ಹೊತ್ತ ಕುರಿ ಕೊನೆಯ ವಾರಗಳಲ್ಲಿ ಸಾಕಷ್ಟು ತಿನ್ನದಿದ್ದರೆ ತನ್ನ ಮೈಯ ಕೊಬ್ಬನ್ನೇ ಕರಗಿಸಿಕೊಂಡು, ಅದರ ನಂಜೇರಿ, ಹಿಂಡಿನಿಂದ ಹಿಂದುಳಿದು, ಕಣ್ಣು ಕಾಣದಂತೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಆ ಹಂತಕ್ಕೆ ಬಂದ ಕುರಿಯನ್ನು ಉಳಿಸುವುದು ಬಹಳ ಕಷ್ಟ.

ಸೀಗಿ ಹುಣ್ಣಿಮೆಯ ಆಸುಪಾಸಿನಲ್ಲಿ, ಅಂದರೆ ಈಯಲು ನಾಲ್ಕು ವಾರವಿರುವಾಗ, ಗಬ್ಬದ ಕುರಿಗಳಿಗೆ ಕರುಳುಬೇನೆಯ ಲಸಿಕೆ ಹಾಕಿಸುತ್ತೇವೆ. ಈ ಬೇನೆಯ ವಿಚಿತ್ರವೆಂದರೆ ಅದು ಬಡಕಲು ಮರಿಯನ್ನು ಬಿಟ್ಟು ಹಟ್ಟಿಯ ಅತ್ಯಂತ ದಷ್ಟಪುಷ್ಟ ಮರಿಯನ್ನೇ ಹುಡುಕಿಕೊಂಡು ಬರುತ್ತದೆ. ಹೊಟ್ಟೆ ಬಿರಿಯೆ ಹಾಲು ಕುಡಿದು ಸಂಜೆ ಜಿಗಿದಾಡಿದ ಮರಿ ಬೆಳಗ್ಗೆ ಕಾಲು ಚಾಚಿ ಬಿದ್ದಿರುತ್ತದೆ. ದೃಷ್ಟಿ ತಾಗಿತೆಂದು ನಮ್ಮಲ್ಲಿ ಹೇಳುವುದು ಹೆಚ್ಚಾಗಿ ಇಂಥ ಸಾವುಗಳಿಗೇ. ಕರುಳಿನಲ್ಲಿ ಮೊದಲೇ ಇರುವ ಸೂಕ್ಷ್ಮಾಣುಗಳು ಅತಿಯಾದ ಹಾಲು ಕಾಳು ಸಿಕ್ಕಾಗ ಒಮ್ಮೆಲೇ ಹೆಚ್ಚಿ ವಿಷ ಕಾರುವುದೇ ಇದರ ಕಾರಣ. ತಾಯಿಗೆ ಹಾಕಿಸಿದ ಲಸಿಕೆಯ ಫಲ ಗಿಣ್ಣದ ಹಾಲಿನ ಮೂಲಕ ಮರಿಗೆ ದಾಟಿ ಮೊದಲ ವಾರಗಳಲ್ಲಿ ಅದನ್ನು ಕಾಯುತ್ತದೆ. ಅದೇ ತಿಂಗಳಲ್ಲಿ ಕುರಿಗಳನ್ನು ದೂರ ಓಡಿಸಿಕೊಂಡು ಹೋಗುವುದನ್ನೂ, ಇಕ್ಕಟ್ಟಾದ ಬಾಗಿಲಲ್ಲಿ ಒಮ್ಮೆಲೇ ನುಗ್ಗಿಸುವುದನ್ನೂ ಬಿಡಬೇಕು. ದಡ್ಡಿಯ ಬಾಗಿಲ ತಟ್ಟಿಯನ್ನು ಆಗ ಪೂರ್ತಿ ತೆಗೆದಿಡುವುದು ನಮ್ಮ ರೂಢಿ.

ಈಯುವ ಹೊತ್ತು ಹತ್ತಿರವಾದ ಕುರಿ ಗುಂಪು ಬಿಟ್ಟು ಮೂಲೆ ಸೇರುತ್ತದೆ. ಕೆಚ್ಚಲು ಬಿಗಿದು ಹೊಳೆಯುತ್ತದೆ, ಬಾಲದ ಬುಡದ ಎರಡೂ ಬದಿ ತಗ್ಗು ಬೀಳುತ್ತದೆ, ಮುಂಗಾಲಿನಿಂದ ನೆಲ ಕೆರೆದು, ಮಲಗಿ, ಎದ್ದು, ಸುತ್ತು ಹೊಡೆದು ಮತ್ತೆ ಮಲಗುತ್ತದೆ. ನೀರಿನ ಚೀಲ ಒಡೆದ ಮೇಲೆ ಮೊದಲು ಕಾಣಬೇಕಾದದ್ದು ಎರಡು ಮುಂಗಾಲಿನ ಗೊರಸುಗಳು, ಅವುಗಳ ಮೇಲೆ ಒರಗಿಕೊಂಡ ಮೂತಿ. ಇಷ್ಟು ಕಂಡರೆ ಸುಮ್ಮನೆ ಕೂರಬೇಕು. ನಾನು ಎದ್ದು ಹತ್ತಿರ ಹೋದಾಗಲೆಲ್ಲ ಅವ್ವನದು ಒಂದೇ ಮಾತು: “ತಮ್ಮಾ, ನೀ ಅವಸರ ಮಾಡಬ್ಯಾಡ, ಅದರ ಪಾಡಿಗೆ ಅದು ಈಯತೈತಿ.” ತಲೆ ಬಂದು ಒಂದು ಕಾಲು ಹಿಂದೆ ಉಳಿದಿದ್ದರೆ, ಅಥವಾ ಚೀಲ ಒಡೆದು ಒಂದು ಗಂಟೆಯಾದರೂ ಏನೂ ಕಾಣದಿದ್ದರೆ ಮಾತ್ರ ಕೈ ಹಾಕುವ ಪ್ರಸಂಗ. ಉಗುರು ಕತ್ತರಿಸಿ, ಮೊಣಕೈವರೆಗೆ ಸಾಬೂನಿನಿಂದ ತೊಳೆದು, ಕೊಬ್ಬರಿ ಎಣ್ಣೆ ಸವರಿಕೊಂಡು, ಕುರಿ ತಿಣುಕಿದಾಗ ಮಾತ್ರ ಅದರ ಹಿಂಗಾಲುಗಳ ಕಡೆಗೆ ಕೆಳಮುಖವಾಗಿ ಎಳೆಯಬೇಕು. ಅದೂ ಆಗದಿದ್ದರೆ 1962ಕ್ಕೆ ಕರೆ ಮಾಡಿ ಪಶು ಚಿಕಿತ್ಸಾ ವಾಹನವನ್ನು ಕರೆಸುವುದೇ ಜಾಣತನ. ಒರಟು ಕೈಗಳು ಎಳೆದು ತಾಯಿಯ ಗರ್ಭಕೋಶವನ್ನೇ ಹೊರಗೆ ತಂದದ್ದನ್ನು ನೆರೆಯ ಹಟ್ಟಿಯಲ್ಲಿ ನೋಡಿದ್ದೇನೆ.

ಮರಿ ನೆಲಕ್ಕೆ ಬಿದ್ದ ಮೇಲಿನ ಒಂದು ಗಂಟೆ ನನಗೆ ಈ ಇಡೀ ಕೆಲಸದಲ್ಲೇ ಬಹಳ ಇಷ್ಟವಾದದ್ದು. ಹಳದಿ ಲೋಳೆ ಮೆತ್ತಿಕೊಂಡು ಹಬೆಯಾಡುವ ಮೈ, ನೆಲಕ್ಕಂಟಿದ ಉದ್ದ ಕಿವಿಗಳು. ಮೂಗು ಬಾಯಿಗಳ ಲೋಳೆಯನ್ನು ಒರೆಸಿ, ಉಸಿರು ಹಿಡಿದುಕೊಂಡಿದ್ದರೆ ಹುಲ್ಲಿನ ಎಸಳಿನಿಂದ ಮೂಗು ಕೆಣಕಿ ಸೀನಿಸಿದರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಮೈ ಒಣಗಿಸುವುದು ತಾಯಿಯ ನಾಲಿಗೆಯ ಕೆಲಸ. ನೆಕ್ಕುವಾಗ ಅದು ಗಂಟಲಲ್ಲೇ ಹೊರಡಿಸುವ ಸಣ್ಣ ಗುರುಗುರು ಸದ್ದನ್ನು ಬೇರೆ ಯಾವ ಹೊತ್ತಿನಲ್ಲೂ ಕುರಿಯ ಬಾಯಲ್ಲಿ ನಾನು ಕೇಳಿಲ್ಲ. ಆ ನೆಕ್ಕುವಿಕೆಯಲ್ಲೇ ತಾಯಿ ತನ್ನ ಮರಿಯ ವಾಸನೆಯನ್ನು ಕಲಿತುಕೊಳ್ಳುತ್ತದೆ. ಆದ್ದರಿಂದ ಅಕ್ಕರೆಯಿಂದ ಮರಿಯನ್ನೆತ್ತಿ ಬಟ್ಟೆಯಲ್ಲಿ ಪೂರ್ತಿ ಒರೆಸಿಡುವುದು ಸರಿಯಲ್ಲ. ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಎರಡೂ ಮೊಲೆಗಳ ತುದಿಯ ಮೇಣದಂಥ ಬಿರಡೆ ಹೋಗುವಂತೆ ಒಂದೆರಡು ಧಾರೆ ಕರೆದು, ಮರಿ ತಾನಾಗಿ ಎದ್ದು ಕೆಚ್ಚಲು ಹುಡುಕುವುದನ್ನು ಕಾಯುತ್ತೇವೆ. ಬಾಲ ಪಟಪಟನೆ ಅಲ್ಲಾಡತೊಡಗಿದರೆ ಹಾಲು ಬಾಯಿಗೆ ಸಿಕ್ಕಿದೆ ಎಂದರ್ಥ.

ಗಿಣ್ಣದ ಹಾಲಿನ ವಿಷಯದಲ್ಲಿ ಔದಾಸೀನ್ಯ ಸಲ್ಲದು. ಹೊಟ್ಟೆಯಲ್ಲಿರುವಾಗ ತಾಯಿಯಿಂದ ಮರಿಗೆ ರೋಗನಿರೋಧಕ ಶಕ್ತಿ ದಾಟುವುದಿಲ್ಲ. ಅದಷ್ಟೂ ಬರುವುದು ಗಿಣ್ಣದಿಂದಲೇ. ಮರಿಯ ಕರುಳು ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವುದು ಮೊದಲ ಇಪ್ಪತ್ನಾಲ್ಕು ಗಂಟೆಗಳಲ್ಲಿ ಮಾತ್ರ, ಅದರಲ್ಲೂ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಮೂರು ಕಿಲೋ ತೂಗುವ ಮರಿಗೆ ಮೊದಲ ದಿನ ಮುನ್ನೂರು ಮಿಲಿಲೀಟರಿನಷ್ಟಾದರೂ ಹೋಗಬೇಕು. ಗಿಣ್ಣ ಜೀರ್ಣವಾಗದೆಂದು ಕರೆದು ಚೆಲ್ಲುವ ಪದ್ಧತಿ ಕೆಲವು ಹಟ್ಟಿಗಳಲ್ಲಿ ಇನ್ನೂ ಇದೆ. ಹಿರಿಯರ ಬಹಳಷ್ಟು ಮಾತುಗಳನ್ನು ನಾನು ಒಪ್ಪುತ್ತೇನೆ, ಇದನ್ನು ಒಪ್ಪಲಾರೆ. ಹೊಸ್ತಿಲ ಹುಣ್ಣಿಮೆಯ ಹೊತ್ತಿನ ಚಳಿಗೆ ಸಿಕ್ಕಿ ಬಾಯೊಳಗೂ ತಣ್ಣಗಾದ ಮರಿಗೆ ಮಾತ್ರ ಕೂಡಲೇ ಹಾಲು ಹಾಕಬಾರದು; ನುಂಗಲಾಗದೆ ಹಾಲು ಪುಪ್ಪುಸಕ್ಕಿಳಿಯುತ್ತದೆ. ಕಂಬಳಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳನ್ನು ಪಕ್ಕಕ್ಕಿಟ್ಟು, ಬಾಯಿ ಬೆಚ್ಚಗಾಗಿ ಬೆರಳು ಚೀಪಲು ತೊಡಗಿದ ಮೇಲೆ ಕುಡಿಸಬೇಕು.

ಮಾಸು ಬಿದ್ದ ತಕ್ಷಣ ಅದನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು ಅಪ್ಪನ ಕೆಲಸ. ನಾಯಿಗೆ ಅದನ್ನು ಎಸೆಯುವವರಿದ್ದಾರೆ. ಮಾಸಿನ ರುಚಿ ಹತ್ತಿದ ನಾಯಿ ನಾಳೆ ಮರಿಯನ್ನೂ ಬಿಡಲಾರದು. ಕಂದು ಹಾಕಿದ ಕುರಿಯ ವಿಷಯದಲ್ಲಂತೂ ಕೈಗವಸಿಲ್ಲದೆ ಏನನ್ನೂ ಮುಟ್ಟಬಾರದು, ಏಕೆಂದರೆ ಕಂದು ಹಾಕಿಸುವ ಬ್ರುಸೆಲ್ಲಾ ಸೋಂಕು ಮನುಷ್ಯರಿಗೂ ಅಂಟುತ್ತದೆ. ಬಸುರಿ ಹೆಂಗಸರು ಆ ತಿಂಗಳು ದಡ್ಡಿಯ ಕಡೆ ಬಾರದಿರುವುದೇ ಒಳ್ಳೆಯದು.

ಮೊದಲ ಸಲ ಈದ ಕುರಿಗಳಲ್ಲಿ ಕೆಲವು ಮರಿಯನ್ನು ಒಲ್ಲೆ ಎನ್ನುತ್ತವೆ. ಹತ್ತಿರ ಬಂದರೆ ಹಾಯುತ್ತವೆ, ಕೆಚ್ಚಲಿಗೆ ಬಾಯಿ ಹಾಕಿದರೆ ಒದೆಯುತ್ತವೆ. ಅಂಥ ತಾಯಿ ಮರಿಗಳನ್ನು ತಟ್ಟಿಯ ಸಣ್ಣ ಗೂಡಿನಲ್ಲಿ ಜೊತೆಗೆ ಕೂಡಿಹಾಕಿ, ದಿನಕ್ಕೆ ನಾಲ್ಕೈದು ಸಲ ತಾಯಿಯನ್ನು ಹಿಡಿದು ನಿಲ್ಲಿಸಿ ಕುಡಿಸಿದರೆ ಹೆಚ್ಚಿನವು ಎರಡು ಮೂರು ದಿನಗಳಲ್ಲಿ ಒಪ್ಪಿಕೊಳ್ಳುತ್ತವೆ. ತಾಯಿ ಸತ್ತ ಮರಿಯನ್ನು ಮರಿ ಸತ್ತ ತಾಯಿಗೆ ಹೊಂದಿಸುವುದು ಇನ್ನೂ ನಾಜೂಕಿನ ಕೆಲಸ. ಸತ್ತ ಮರಿಯ ಮೈಯ ಲೋಳೆಯನ್ನು ಬದುಕಿದ ಮರಿಯ ತಲೆಗೂ ಬೆನ್ನಿಗೂ ಬಾಲದ ಬುಡಕ್ಕೂ ಸವರಿ ಕತ್ತಲಲ್ಲಿ ಕುಡಿಯಲು ಬಿಡುತ್ತಾರೆ. ಕುರಿ ಮೂಸಿ, ಅನುಮಾನದಿಂದ ಹಿಂದೆ ಸರಿದು, ಮತ್ತೆ ಮೂಸುತ್ತದೆ. ಹಾಲು ಮರಿಯ ಹೊಟ್ಟೆಯಲ್ಲಿ ಕರಗಿ ಅದರ ಮೈಯೆಲ್ಲ ಆ ಕುರಿಯದೇ ವಾಸನೆ ಹಿಡಿಯುವವರೆಗೆ, ಅಂದರೆ ಎರಡು ಮೂರು ದಿನ, ಈ ಮೋಸವನ್ನು ನಡೆಸಿಕೊಂಡು ಹೋಗಬೇಕು.

ಮೊದಲ ತಿಂಗಳು ಮರಿಗಳು ದಡ್ಡಿಯಲ್ಲೇ ಇರುತ್ತವೆ, ತಾಯಂದಿರು ಮಾತ್ರ ಮೇಯಲು ಹೋಗುತ್ತವೆ. ಸಂಜೆ ಹಿಂಡು ಮರಳಿ ಮರಿಗಳ ತಟ್ಟಿ ತೆಗೆದಾಗ ಏಳುವ ಗದ್ದಲ ಅಮೀನಗಡದ ಸಂತೆಯನ್ನು ಮೀರಿಸುವಂಥದ್ದು. ಎಲ್ಲವೂ ಒಂದೇ ಬಣ್ಣದವಾಗಿ ಕಾಣುವ ಆ ಮರಿಗಳು ಕೂಗನ್ನು ಹಿಡಿದು ಓಡುತ್ತವೆ, ತಾಯಿ ಬಾಲದ ಬುಡ ಮೂಸಿ ಖಾತ್ರಿ ಮಾಡಿಕೊಳ್ಳುತ್ತದೆ, ತಪ್ಪಿ ಬಂದದ್ದನ್ನು ತಲೆಯಿಂದ ದೂಡುತ್ತದೆ. ಎಲ್ಲೂ ಬಾಯಿಡಲಾಗದೆ ಅಲೆಯುವ ಮರಿ ಕಂಡರೆ ಅದರ ತಾಯಿಗೆ ಹಾಲು ಸಾಲುತ್ತಿಲ್ಲವೆಂದು ಅಲ್ಲೇ ತಿಳಿಯುತ್ತದೆ. ಇಪ್ಪತ್ತು ಮರಿಗಳ ಆರೋಗ್ಯ ತಪಾಸಣೆ ಹತ್ತು ನಿಮಿಷಗಳಲ್ಲಿ ಮುಗಿಯುವ ಹೊತ್ತದು.

ಗಂಡು ಮರಿಗಳನ್ನು ಮೂರು ನಾಲ್ಕು ತಿಂಗಳಿಗೆ ಅಮೀನಗಡಕ್ಕೋ ಕೆರೂರಿಗೋ ಒಯ್ದು ಮಾರುವುದೇ ಅಥವಾ ಬಕ್ರೀದ್‌ವರೆಗೆ ತಡೆಯುವುದೇ ಎಂಬ ಚರ್ಚೆ ಮನೆಯಲ್ಲಿ ಪ್ರತಿ ವರ್ಷವೂ ಏಳುತ್ತದೆ. ಬಕ್ರೀದ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ: 2024ರಲ್ಲಿ ಜೂನ್ ಮಧ್ಯಕ್ಕೆ ಬಂದದ್ದು 2025ರಲ್ಲಿ ಜೂನ್ ಮೊದಲ ವಾರಕ್ಕೆ ಬಂತು. ನವೆಂಬರಿನ ಮರಿಗೆ ಆಗ ಬರೀ ಏಳು ತಿಂಗಳು. ಇನ್ನು ಮುಂದೆ ಅಷ್ಟೂ ಇರಲಾರದು. ಬೇಸಿಗೆಯ ಮೇವನ್ನು ಕೊಂಡು ಹಾಕಿ ಅಷ್ಟರೊಳಗೆ ಹಬ್ಬದ ದರಕ್ಕೆ ತಕ್ಕ ಮೈ ಬರಿಸುವುದು ನಮ್ಮಂಥವರಿಗೆ ಗಿಟ್ಟುವುದಿಲ್ಲವೆಂದು ನಾನು ವಾದಿಸುತ್ತೇನೆ, ಅಪ್ಪ ಒಪ್ಪುವುದಿಲ್ಲ. ಕೊನೆಗೆ ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುತ್ತೇವೆ. ಹೆಣ್ಣು ಮರಿಗಳಲ್ಲಿ ಯಾವುದು ಉಳಿಯಬೇಕೆಂಬುದನ್ನು ಅವ್ವ ಮರಿಯ ಮೈ ನೋಡಿ ಹೇಳುವುದಿಲ್ಲ, ಅದರ ತಾಯಿಯ ಕೆಚ್ಚಲು ನೋಡಿ ಹೇಳುತ್ತಾಳೆ. ಎರಡು ಈತಗಳಲ್ಲೂ ಮರಿಯನ್ನು ಒಲ್ಲೆ ಎಂದ ಕುರಿ ಮಾತ್ರ ಎಷ್ಟೇ ಚಂದವಿದ್ದರೂ ಗಂಡು ಮರಿಗಳ ಜೊತೆಗೆ ಅದೇ ಟೆಂಪೋ ಹತ್ತುತ್ತದೆ. ಈ ವಿಷಯದಲ್ಲಿ ಅವ್ವ ಯಾರ ಮಾತನ್ನೂ ಕೇಳುವುದಿಲ್ಲ.