ಜರ್ಮನ್ ಸಾಲಿ, ಐರಿಷ್ ಸಾಲಿ

ಧಾರವಾಡದಲ್ಲಿ ಶಿಕ್ಷಣ ಮಾಧ್ಯಮದ ಮಾತೆದ್ದರೆ ಚರ್ಚೆ ಗೋಕಾಕ್ ಚಳವಳಿಗೆ ಹೋಗುತ್ತದೆ, ಅಲ್ಲಿಂದ ಸೀದಾ, ಕನ್ನಡ ಮಾಧ್ಯಮವನ್ನು ಹೇರುವಂತಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪಿಗೆ. ಇದೇ ಜಗಳವನ್ನು ಅಮೆರಿಕದಲ್ಲಿ ಜರ್ಮನ್ನರೂ ಐರಿಷರೂ ಎಷ್ಟೋ ಮೊದಲೇ ಆಡಿದ್ದರು. ವಲಸಿಗರ ಕೊಡುಗೆ ಎಂದರೆ ಬಿಯರು, ಕ್ರಿಸ್‌ಮಸ್ ಗಿಡ, ಸೇಂಟ್ ಪ್ಯಾಟ್ರಿಕ್ ಮೆರವಣಿಗೆ ಎನ್ನುವವರು ಈ ಸಾಲಿಗಳ ಕಥೆಯನ್ನೂ ಓದಬೇಕು.

ಕ್ಯಾಥೊಲಿಕರಾದ ಐರಿಷರಿಗೆ ಭಾಷೆಯ ತೊಡಕು ಅಷ್ಟಾಗಿ ಇರಲಿಲ್ಲ, ತೊಡಕಿದ್ದದ್ದು ಧರ್ಮದ್ದು. ನ್ಯೂಯಾರ್ಕಿನ ಸಾರ್ವಜನಿಕ ಸಾಲಿಗಳಲ್ಲಿ ಪ್ರಾಟೆಸ್ಟಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. 1840ರಲ್ಲಿ ಬಿಷಪ್ ಜಾನ್ ಹ್ಯೂಸ್ ಕ್ಯಾಥೊಲಿಕ್ ಸಾಲಿಗಳಿಗೂ ಸರ್ಕಾರದ ಹಣ ಕೇಳಿದರು, ಸಿಗಲಿಲ್ಲ. 1844ರಲ್ಲಿ ಇದೇ ಬೈಬಲ್ ಜಗಳಕ್ಕೆ ಫಿಲಡೆಲ್ಫಿಯಾದಲ್ಲಿ ಗಲಭೆಯಾಗಿ ಕ್ಯಾಥೊಲಿಕ್ ಚರ್ಚುಗಳೇ ಸುಟ್ಟುಹೋದವು. ಮರುವರ್ಷ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ಬಿತ್ತು. ಊಟಕ್ಕಿಲ್ಲದೆ ಹತ್ತು ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಅಮೆರಿಕದ ಶಹರಗಳಲ್ಲಿ ಕ್ಯಾಥೊಲಿಕ್ ಮಕ್ಕಳು ತುಂಬಿದರು. ಕಡೆಗೆ ಅವರು ತಮ್ಮ ಸಾಲಿ ತಾವೇ ಕಟ್ಟಿಕೊಂಡರು. ಸಿಸ್ಟರುಗಳು ಅತ್ಯಲ್ಪ ಸಂಬಳಕ್ಕೆ ಕಲಿಸಿದ್ದರಿಂದ ಅವು ಬದುಕಿದವು.

ಜರ್ಮನ್ನರು ಮಾತ್ರ ಸರ್ಕಾರಿ ಸಾಲಿಯೊಳಗೇ ಹೊಕ್ಕರು. ಸಿನ್ಸಿನಾಟಿಯಲ್ಲಿ 1840ರಿಂದ ಜರ್ಮನ್, ಇಂಗ್ಲಿಷ್ ಎರಡರಲ್ಲೂ ಪಾಠ ನಡೆಯಿತು. ಇಂಡಿಯಾನಾ ರಾಜ್ಯ 1869ರಲ್ಲಿ, 25 ಮಕ್ಕಳ ಪಾಲಕರು ಕೇಳಿದರೆ ಜರ್ಮನ್ ಕಲಿಸಲೇಬೇಕು ಎಂದು ಕಾನೂನು ಮಾಡಿತು. ಅದೇ ಶತಮಾನದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ನರು ನಮ್ಮ ಧಾರವಾಡ, ಬೆಟಗೇರಿಗಳಲ್ಲಿ ಕನ್ನಡ ಸಾಲಿ ನಡೆಸುತ್ತಿದ್ದರು ಎಂಬುದನ್ನೂ ಇಲ್ಲಿ ನೆನೆಯಬೇಕು. 1889ರಲ್ಲಿ ವಿಸ್ಕಾನ್ಸಿನ್ ಸರ್ಕಾರ ಬೆನೆಟ್ ಕಾಯ್ದೆ ತಂದು ಇಂಗ್ಲಿಷನ್ನು ಕಡ್ಡಾಯ ಮಾಡಿತು. ಒಬ್ಬರಿಗೊಬ್ಬರು ಆಗದ ಲುಥೆರನ್ (ಪ್ರಾಟೆಸ್ಟಂಟರ ಒಂದು ಪಂಥ), ಕ್ಯಾಥೊಲಿಕ್ ಜರ್ಮನ್ನರು ಒಂದಾಗಿ ಮರುವರ್ಷದ ಚುನಾವಣೆಯಲ್ಲಿ ಗವರ್ನರ್ ಹೋರ್ಡ್‌ನನ್ನು ಸೋಲಿಸಿದರು. 1891ರಲ್ಲಿ ಕಾಯ್ದೆಯೇ ರದ್ದಾಯಿತು.

ಮೊದಲ ಮಹಾಯುದ್ಧ ಬಂದದ್ದೇ ತಡ, ಜರ್ಮನ್ ಶತ್ರುವಿನ ಭಾಷೆಯಾಯಿತು. ಎಂಟನೇ ತರಗತಿ ಪಾಸಾಗದ ಮಗುವಿಗೆ ಪರಭಾಷೆ ಕಲಿಸಬಾರದೆಂದು 1919ರಲ್ಲಿ ನೆಬ್ರಾಸ್ಕಾ ರಾಜ್ಯ ನಿಷೇಧ ಹೇರಿತು. ಅಲ್ಲಿಯ ಹ್ಯಾಂಪ್ಟನ್ ಊರಿನ ಲುಥೆರನ್ ಸಾಲಿಯಲ್ಲಿ ಬಿಡುವಿನ ವೇಳೆ, ಮಧ್ಯಾಹ್ನ ಒಂದರಿಂದ ಒಂದೂವರೆವರೆಗೆ, ಜರ್ಮನ್ ಬೈಬಲ್ ಓದಿಸುತ್ತಿದ್ದರು. ಬಿಡುವು ಪಾಠದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವರ ಉಪಾಯ. 1920ರ ಮೇ ತಿಂಗಳಲ್ಲಿ ಸರ್ಕಾರಿ ವಕೀಲ ಒಳಗೆ ಬಂದು ನಿಂತರೂ ರಾಬರ್ಟ್ ಮೇಯರ್ ಮಾಸ್ತರರು ಹತ್ತು ವರ್ಷದ ಹುಡುಗನಿಗೆ ಪಾಠ ಮುಂದುವರಿಸಿದರು. ದಂಡ 25 ಡಾಲರ್. ಅವರು ಅದನ್ನು ಕಟ್ಟಿ ಸುಮ್ಮನಾಗಲಿಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮಕ್ಕಳ ಕಲಿಕೆಯನ್ನು ಆರಿಸಿಕೊಳ್ಳುವುದು ಪಾಲಕರ ಹಕ್ಕು ಎಂದು 7–2ರಿಂದ ಮಾಸ್ತರರ ಪರ ತೀರ್ಪಿತ್ತಿತು. ಎರಡು ವರ್ಷ ಬಿಟ್ಟು, ಎಲ್ಲ ಮಕ್ಕಳೂ ಸರ್ಕಾರಿ ಸಾಲಿಗೇ ಹೋಗಬೇಕೆಂಬ ಆರೆಗನ್ ಕಾನೂನನ್ನು ಅದೇ ತರ್ಕದ ಮೇಲೆ ಹೊಡೆದುಹಾಕಿ ಕ್ಯಾಥೊಲಿಕ್ ಸಾಲಿಗಳನ್ನು ಉಳಿಸಿತು.

ನಮ್ಮಲ್ಲಿ 2014ರ ತೀರ್ಪು ನಿಂತದ್ದೂ ಆಯ್ಕೆಯ ಹಕ್ಕಿನ ಮೇಲೆಯೇ. ಒಂದರಿಂದ ನಾಲ್ಕನೇ ತರಗತಿಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮ ಎಂಬ 1994ರ ಆದೇಶವನ್ನು ಹೇರುವಂತಿಲ್ಲ ಎಂದಿತು. ಅಲ್ಲಿ ಸಣ್ಣ ಭಾಷೆಗೆ ರಕ್ಷೆಯಾದ ತತ್ವ ಇಲ್ಲಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಸಾಲಿಗಳಿಗೆ ರಕ್ಷೆಯಾಯಿತು. ಹಾಗೆಂದು ಆ ಹಕ್ಕು ಜರ್ಮನ್ನನ್ನೂ ಉಳಿಸಲಿಲ್ಲ. 1923ರ ತೀರ್ಪು ಬರುವಷ್ಟರಲ್ಲಿ ಅಮೆರಿಕದ ಸಾಲಿಗಳಲ್ಲಿ ಜರ್ಮನ್ ತರಗತಿಗಳನ್ನು ಮುಚ್ಚಿಯಾಗಿತ್ತು. ಪಾಲಕರು ಕೇಳಿದರೆ ಕಲಿಸಲೇಬೇಕೆಂದಿದ್ದ ಇಂಡಿಯಾನಾ ಕೂಡ 1919ರಲ್ಲೇ ಜರ್ಮನ್ನನ್ನು ಕಿರಿಯ ತರಗತಿಗಳಿಂದ ಹೊರಹಾಕಿತ್ತು.