ಸರಿಯಾಗಿದ್ದ ಸೆನ್ಸರನ್ನು ಮುರಿದು ಹಾಕಿದ ದಿನ

ಕಾರು ನಿಲ್ಲಲು ಇನ್ನು ಎರಡು ಮಾರು ಇದೆ ಅನ್ನುವಾಗ ಬ್ರೇಕ್ ಪೆಡಲ್ ಗಡಗಡ ಅಂತ ಕಾಲಿಗೆ ಒದೆಯುತ್ತದೆ. ರಸ್ತೆ ಒಣಗಿದೆ, ಚಕ್ರ ಜಾರಿಲ್ಲ, ಆದರೂ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎದ್ದು ಕೂರುತ್ತದೆ. ಡ್ಯಾಶ್‌ನಲ್ಲಿ ಲೈಟ್ ಇಲ್ಲ. 14 ವರ್ಷದ ಕಾರು. ಜಾಬ್ ಕಾರ್ಡ್ ನನ್ನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ತೀರ್ಪು ಬರೆದಾಗಿತ್ತು: ‘ಎಡ ಮುಂದಿನ ಸ್ಪೀಡ್ ಸೆನ್ಸರ್ ಬದಲಾಯಿಸಿ. 45 ನಿಮಿಷ.’

ಕಾರು ಓಡುವಾಗ ಸೆನ್ಸರ್‌ಗಳು ಕಳಿಸುವ ಅಂಕಿಗಳನ್ನು, ಅಂದರೆ ಲೈವ್ ಡೇಟಾ, ನಾನೂ ನೋಡಿದೆ. ವೇಗ 10 ಕಿಲೋಮೀಟರಿಗಿಂತ ಕೆಳಗೆ ಇಳಿದಾಗ ಮೂರು ಚಕ್ರಗಳ ಅಂಕಿ ನೆಟ್ಟಗೆ ಇಳಿಯುತ್ತಿತ್ತು. ಎಡ ಮುಂದಿನದು ಮಾತ್ರ ಆಗಾಗ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿತ್ತು. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. ಎರಡು ವೈರಿನ ಹಳೆಯ ಕಾಯಿಲ್ ಸೆನ್ಸರ್ ಅದು. 1.1 ಕಿಲೋ ಓಮ್ ಬಂತು. ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಎಸಿ ವೋಲ್ಟೇಜ್ ಕೂಡ ಬರುತ್ತಿತ್ತು.

ಅಂದರೆ ಸೆನ್ಸರ್ ಚೆನ್ನಾಗಿಯೇ ಇತ್ತು. ನಾನು ಅಲ್ಲೇ ನಿಲ್ಲಬೇಕಿತ್ತು. ಆದರೆ ಹೊಸ ಸೆನ್ಸರ್ ಆಗಲೇ ಪಾರ್ಟ್ಸ್ ಕೌಂಟರ್‌ನಿಂದ ಬಂದು ಟ್ರೇನಲ್ಲಿ ಕೂತಿತ್ತು. ‘ಬಿಸಿಯಾದಾಗ ಕೈಕೊಡುತ್ತಿರಬೇಕು’ ಅಂತ ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡು ಮುಂದುವರಿದೆ.

ಬೋಲ್ಟ್ ತೊಂದರೆ ಕೊಡಲಿಲ್ಲ. 5 ಎಂಎಂ ಆಲನ್, ಅಂದರೆ ತಲೆಯಲ್ಲಿ ಆರು ಮೂಲೆಯ ಗುಳಿ ಇರುವುದು. ಗುಳಿಯಲ್ಲಿದ್ದ ತುಕ್ಕನ್ನು ಕೆರೆದು, ಕೀಯನ್ನು ಸುತ್ತಿಗೆಯಿಂದ ಒಳಕ್ಕೆ ಬಡಿದು ಕೂರಿಸಿದೆ, ತಿರುಗಿತು. ಸೆನ್ಸರ್ ಮಾತ್ರ ಅಲ್ಲಾಡಲಿಲ್ಲ. ಅದು ಕೂರುವ ನಕಲ್ (ಚಕ್ರದ ಹಬ್ಬನ್ನು ಹಿಡಿದಿರುವ ಭಾಗ) ಎರಕದ ಕಬ್ಬಿಣದ್ದು. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಅದು ವರ್ಷಗಟ್ಟಲೆ ಉಬ್ಬುತ್ತಾ ತೂತಿನಲ್ಲಿರುವ ಪ್ಲಾಸ್ಟಿಕ್ಕನ್ನು ಸುತ್ತಲಿಂದ ಹಿಂಡುತ್ತದೆ. ಬೆಂಕಿ ತೋರಿಸುವ ಹಾಗಿಲ್ಲ, ಪ್ಲಾಸ್ಟಿಕ್ ಕರಗಿ ಇನ್ನೂ ಅಂಟಿಕೊಳ್ಳುತ್ತದೆ. ಇರುವುದು ಒಂದೇ ದಾರಿ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಬೇಕು, ಆಗಬಹುದಾದರೆ ರಾತ್ರಿಯಿಡೀ. ಮಾರನೇ ದಿನ ಸೆನ್ಸರಿನ ಕಿವಿ (ಬೋಲ್ಟ್ ಕೂರುವ ಚಾಚು) ಹಿಡಿದು ಕೂದಲೆಳೆಯಷ್ಟು ಆ ಕಡೆ, ಈ ಕಡೆ ತಿರುಗಿಸಬೇಕು. ಎಳೆಯಬಾರದು. ತಿರುಗಲು ಶುರುವಾದರೆ ತಾನಾಗಿ ಮೇಲೆ ಬರುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಎಣ್ಣೆಗೆ ಕೊಟ್ಟದ್ದು 10 ನಿಮಿಷ. ವೈಸ್ ಗ್ರಿಪ್ ಹಾಕಿ ತಿರುಗಿಸಿದೆ. ಟಕ್ ಅಂತು. ಕಿವಿ ಮತ್ತು ವೈರ್ ನನ್ನ ಕೈಯಲ್ಲಿ, ಮೈ ತೂತಿನೊಳಗೆ.

ಆಮೇಲೆ ಡ್ರಿಲ್. ಹೊಸ ಸೆನ್ಸರಿನ ಉದ್ದ ನೋಡಿಕೊಂಡು, ಅದಕ್ಕಿಂತ ತುಸು ಕಡಿಮೆ ಆಳಕ್ಕೆ ಬಿಟ್‌ಗೆ ಟೇಪ್ ಸುತ್ತಿದೆ. ಸೆನ್ಸರ್ ವೇಗ ಓದುವುದು ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗಿನಿಂದ; ಅದರ ತುದಿಗೂ ಆ ರಿಂಗಿಗೂ ನಡುವೆ ಇರುವುದು ಸುಮಾರು 1 ಎಂಎಂ ಜಾಗ. ಮೊದಲು 3 ಎಂಎಂ ಬಿಟ್, ಅದರಲ್ಲಿ ಸ್ಕ್ರೂ ಹಾಕಿ ಎಳೆದೆ. ಪ್ಲಾಸ್ಟಿಕ್ ಪುಡಿಯ ಜೊತೆ ಸ್ಕ್ರೂ ಮಾತ್ರ ಬಂತು. 6 ಎಂಎಂ ಹಾಕಿದೆ. ಕಾಯಿಲಿನ ತಾಮ್ರದ ಎಳೆಗಳು ಬಿಟ್‌ಗೆ ಸುತ್ತಿಕೊಂಡು ಹೊರಗೆ ಬರತೊಡಗಿದವು. ತಕ್ಷಣ ಕೈ ಹಗುರಾಯಿತು. ಡ್ರಿಲ್ ಒಳಕ್ಕೆ ಇಳಿದುಬಿಟ್ಟಿತು.

ಟಾರ್ಚ್ ಹಿಡಿದಿದ್ದ ಹುಡುಗ ಮೆಲ್ಲಗೆ ಹೇಳಿದ, “ಅಣ್ಣಾ, ಟೇಪ್ ಕಾಣ್ತಿಲ್ಲ.”

ಡ್ರಿಲ್ ನಿಲ್ಲಿಸಿದೆ. ಟಾರ್ಚ್ ಇಸಿದುಕೊಂಡು ಹಿಂದಿನಿಂದ ಇಣುಕಿ ಚಕ್ರವನ್ನು ಮೆಲ್ಲಗೆ ತಿರುಗಿಸಿದೆ. ಡ್ರೈವ್ ಶಾಫ್ಟಿನ ಜಾಯಿಂಟ್ ಮೇಲೆ ಹಲ್ಲಿನ ರಿಂಗ್. ಒಂದೊಂದೇ ಹಲ್ಲು ಬೆಳಕಿಗೆ ಬಂದು ಹೋಗುತ್ತಿತ್ತು. ಅರ್ಧ ಸುತ್ತು ಆಗುವಷ್ಟರಲ್ಲಿ ಒಂದು ಕಡೆ ಎರಡು ಹಲ್ಲುಗಳ ನಡುವಿನ ಸಂದು ಅಗಲವಾಗಿ ಕಂಡಿತು. ರಿಂಗ್ ಅಡ್ಡಲಾಗಿ ಸೀಳಿತ್ತು.

ನಾನೇ ಒಡೆದೆ ಅಂದುಕೊಂಡೆ. ಕೈ ತಣ್ಣಗಾಯಿತು. ಮಾಲೀಕರಿಗೆ ಏನು ಹೇಳುವುದು, ಮ್ಯಾನೇಜರ್ ಮುಂದೆ ಹೇಗೆ ನಿಲ್ಲುವುದು ಅಂತ ಯೋಚಿಸುತ್ತಾ ಲಿಫ್ಟ್ ಕೆಳಗೆ ಸುಮ್ನೆ ನಿಂತೆ. ಹುಡುಗನೂ ಮಾತಾಡಲಿಲ್ಲ. ಹತ್ತು ನಿಮಿಷ ಹೀಗೇ ಕಳೆದಿರಬೇಕು. ಆಮೇಲೆ ಬ್ರಷ್ ತೆಗೆದುಕೊಂಡು ಆ ಜಾಗವನ್ನು ಉಜ್ಜಿದೆ. ಸೀಳಿನ ಒಳಗೆ ಕಂದು ತುಕ್ಕು ಪದರ ಪದರವಾಗಿತ್ತು. ಆಗ ತಾನೇ ಒಡೆದ ಕಬ್ಬಿಣ ಹೊಳೆಯುತ್ತದೆ, ಅಲ್ವಾ? ನನ್ನ ಬಿಟ್ ತಾಗಿದ ಗೀರು ಬೇರೆ ಹಲ್ಲಿನ ಮೇಲಿತ್ತು, ಸೂಜಿಯಿಂದ ಎಳೆದಷ್ಟು. ರಿಂಗಿನ ಕೆಳಗೆ ಜಾಯಿಂಟ್ ಮೇಲೆ ತುಕ್ಕು ಉಬ್ಬಿ, ಎಂದೋ ಅದನ್ನು ಸೀಳಿತ್ತು.

ದೂರಿಗೆ ಕಾರಣವೂ ಅದೇ. ಆ ಅಗಲ ಸಂದು ಸೆನ್ಸರ್ ಮುಂದೆ ಬಂದಾಗಲೆಲ್ಲ ಸಿಗ್ನಲ್ ತಪ್ಪುತ್ತದೆ. ನಿಧಾನಕ್ಕೆ ನಿಲ್ಲಿಸುವಾಗ ಚಕ್ರ ಲಾಕ್ ಆಗುತ್ತಿದೆ ಅಂತ ಎಬಿಎಸ್ ನಡೆಸುವ ಮಾಡ್ಯೂಲ್ ತಿಳಿದು ಬ್ರೇಕ್ ಬಿಟ್ಟು ಹಿಡಿಯುತ್ತದೆ. ಲೈವ್ ಡೇಟಾದಲ್ಲಿ ಅಂಕಿ ಬೀಳುತ್ತಿದ್ದದ್ದು ಚಕ್ರದ ಒಂದು ಸುತ್ತಿಗೆ ಸರಿಯಾಗಿ ಒಮ್ಮೆ. ನಾನು ಅದನ್ನು ಎಣಿಸಲೇ ಇಲ್ಲ.

ರಿಂಗ್ ನಾನು ಒಡೆದದ್ದಲ್ಲ ಅನ್ನುವ ನಿರಾಳ ಬಹಳ ಹೊತ್ತು ಉಳಿಯಲಿಲ್ಲ. ಚಕ್ರ ತಿರುಗಿಸಿ ಟಾರ್ಚ್ ಬಿಡಲು ಎರಡು ನಿಮಿಷ ಸಾಕಿತ್ತು. ಅದನ್ನು ಮಾಡದೆ ಕೆಲಸ ಮಾಡುತ್ತಿದ್ದ ಸೆನ್ಸರನ್ನು ಹಾಳು ಮಾಡಿದ್ದೆ.

ರಿಂಗಿಗಾಗಿ ಡ್ರೈವ್ ಶಾಫ್ಟ್ ಹೇಗೂ ಬಿಚ್ಚಬೇಕಿತ್ತು. ಬಿಚ್ಚಿದ ಮೇಲೆ ತೂತಿನ ಒಳಬದಿ ತೆರೆದುಕೊಂಡಿತು. ಮೊಂಡು ಪಂಚ್ ಇಟ್ಟು ಒಳಗಿನಿಂದ ಮೂರು ಏಟು ಹಾಕಿದೆ. ಉಳಿದ ತುಂಡು ಹೊರಗೆ ಬಿತ್ತು. ಒಂದೂವರೆ ಗಂಟೆ ಹೊರಗಿನಿಂದ ಒದ್ದಾಡಿದ್ದಕ್ಕೆ ಅಷ್ಟೇ ಬೇಕಿದ್ದದ್ದು. ಇದು ಇವತ್ತಿಗೂ ಚುಚ್ಚುತ್ತದೆ.

ಹಳೆಯ ರಿಂಗಿನ ಹಲ್ಲು ಎಣಿಸಿದೆ, 48. ಹೊಸದನ್ನೂ ಎಣಿಸಿದೆ. ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಆ ಚಕ್ರದ ವೇಗ ತಪ್ಪಾಗಿ ಕಾಣುತ್ತದೆ. ಜಾಯಿಂಟನ್ನು ಬರಿ ಲೋಹ ಕಾಣುವ ತನಕ ಉಜ್ಜಿ, ರಿಂಗನ್ನು ಬಿಸಿ ಮಾಡಿ ಇಳಿಸಿದೆ. ಸೆನ್ಸರ್ ತೂತನ್ನು ಮರಳು ಕಾಗದದಿಂದ ತಿಕ್ಕಿದೆ, ಅಗಲ ಮಾಡಲಿಲ್ಲ. ಕಿವಿ ಕೂರುವ ಮುಖವನ್ನೂ ತಿಕ್ಕಿದೆ. ಅಲ್ಲಿ ತುಕ್ಕು ಉಳಿದರೆ ಸೆನ್ಸರ್ ಎದ್ದು ನಿಂತು ಆ 1 ಎಂಎಂ ಜಾಗ ಜಾಸ್ತಿಯಾಗುತ್ತದೆ. ಸೆನ್ಸರ್ ತುದಿಯಲ್ಲೇ ಅಯಸ್ಕಾಂತ ಇರುವುದರಿಂದ ಕಬ್ಬಿಣದ ಪುಡಿಯನ್ನೆಲ್ಲ ಬೇರೆ ಅಯಸ್ಕಾಂತದಿಂದ ಹೆಕ್ಕಿ ತೆಗೆದೆ. ಹಬ್ ನಟ್ ಹೊಸದು ಹಾಕಿ ಟಾರ್ಕ್ ಮಾಡಿದೆ. ಓಡಿಸಿ ಹತ್ತು ಸಲ ನಿಲ್ಲಿಸಿದೆ. ಪೆಡಲ್ ಒದೆಯಲಿಲ್ಲ.

ಬಿಲ್ಲಿನಲ್ಲಿ ವರ್ಕ್‌ಶಾಪಿನ ಸರ್ವಿಸ್ ಅಡ್ವೈಸರ್ ‘ಸೆನ್ಸರ್ ಹಾಳಾಗಿತ್ತು’ ಅಂತ ಬರೆದಿದ್ದರು. ಅದನ್ನು ಹೊಡೆದು ಹಾಕಿಸಿದೆ. ಸೆನ್ಸರ್ ಸರಿಯಿತ್ತು, ತೆಗೆಯುವಾಗ ನನ್ನ ಕೈಯಲ್ಲಿ ಮುರಿಯಿತು ಅಂತ ಮಾಲೀಕರಿಗೆ ಹೇಳಿದೆ. ಅದರ ಹಣವನ್ನು ವರ್ಕ್‌ಶಾಪ್ ಹಾಕಿಕೊಳ್ಳಬೇಕಾಯಿತು. ಮ್ಯಾನೇಜರಿಗೆ ಅದು ಹಿಡಿಸಲಿಲ್ಲ.

ಆ 45 ನಿಮಿಷದ ಬಗ್ಗೆ ಅವರ ಜೊತೆ ಇನ್ನೂ ಜಗಳ ನಡೆದಿದೆ. ಆ ಸಮಯ ಹೊಸ ಕಾರಿನದು, ಮ್ಯಾನ್ಯುಯಲ್‌ನಲ್ಲಿ ‘ಬೋಲ್ಟ್ ಬಿಚ್ಚಿ, ಸೆನ್ಸರ್ ತೆಗೆಯಿರಿ’ ಅನ್ನುವ ಒಂದೇ ಸಾಲು ಇದೆ. 10 ವರ್ಷ ದಾಟಿದ ಕಾರಿಗೆ ಎಣ್ಣೆ ಹೊಡೆದು ರಾತ್ರಿ ಬಿಡಲು ಅವಕಾಶ ಕೊಡಿ ಅಂತ ಕೇಳುತ್ತಲೇ ಇದ್ದೇನೆ. ಬೇ (ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ) ಖಾಲಿ ಆಗಬೇಕು ಅನ್ನುತ್ತಾರೆ. ಸದ್ಯಕ್ಕೆ ಅಂಥ ಕಾರು ಬಂದರೆ ಜಾಬ್ ಕಾರ್ಡಿನ ಮೇಲೆ ನಾನೇ ಪೆನ್ನಿನಲ್ಲಿ ಒಂದು ಸಾಲು ಸೇರಿಸುತ್ತೇನೆ: ‘ಮೊದಲು ರಿಂಗ್ ನೋಡುವುದು.’