ಗಾಂಧಾರ ಬಿಟ್ಟ ಗಿಟಾರು, ಉಸಿರಾಡುವ ಪೆಟ್ಟಿಗೆ: ಟಾಲಿಸ್ಕ್‌ನ ‘ಅಬಿಸ್’

ಸ್ಕಾಟ್ಲೆಂಡಿನ ಜನಪದ ವಾದ್ಯತಂಡ ಟಾಲಿಸ್ಕ್‌ನ ‘ಅಬಿಸ್’ ಆಲ್ಬಮ್ ಮೊದಲ ಸಲ ಕೇಳಿದವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಚೆನ್ನಾಗಿದೆ, ಆದರೆ ಎಲ್ಲಾ ಒಂದೇ ಥರ ಓಡುತ್ತೆ. ಓಡುವುದೇನೋ ನಿಜ. ಒಂದೇ ಥರ ಅನ್ನಿಸುವುದು ಮಾತ್ರ ಲೆಕ್ಕ ಸಿಗದೆ. ಆದಿತಾಳ (ಎಂಟು ಪೆಟ್ಟಿನ ಆವರ್ತ) ಹಾಕಲು ಬರುವವರಿಗೆ ಆ ಲೆಕ್ಕ ಹತ್ತು ನಿಮಿಷದ ಕೆಲಸ.

ಗ್ಲಾಸ್ಗೋದ ಈ ಮೂವರ ತಂಡಕ್ಕೆ 2015ರಲ್ಲಿ ಬಿಬಿಸಿ ರೇಡಿಯೋ 2ರ ಯುವ ಜನಪದ ಪ್ರಶಸ್ತಿ ಬಂತು. ಮರುವರ್ಷ ಚೊಚ್ಚಲ ಆಲ್ಬಮ್ ‘ಅಬಿಸ್’. ಕಾನ್ಸರ್ಟಿನಾದಲ್ಲಿ (ಕೈಯಲ್ಲಿ ಹಿಡಿದು ನುಡಿಸುವ ತಿದಿವಾದ್ಯ) ಮೊಹ್ಸೆನ್ ಅಮಿನಿ, ಫಿಡಲ್‌ನಲ್ಲಿ ಹೇಲಿ ಕೀನನ್, ಗಿಟಾರಿನಲ್ಲಿ ಕ್ರೇಗ್ ಅರ್ವಿಂಗ್. ಅಚ್ಚು ಹಳೆಯದು, ಅದರಲ್ಲಿ ಹೊಯ್ದದ್ದು ಈ ಕಾಲದ ಲೋಹ.

ಮೊದಲು ಆ ಅಚ್ಚು. ಸ್ಕಾಟಿಷ್ ವಾದ್ಯಸಂಗೀತದಲ್ಲಿ ಒಂದು ಟ್ರ್ಯಾಕ್ ಅಂದರೆ ಸಾಮಾನ್ಯವಾಗಿ ಒಂದೇ ಮಟ್ಟಲ್ಲ, ಎರಡು-ಮೂರು ಮಟ್ಟುಗಳ ಸರ. ಅದಕ್ಕೆ ಸೆಟ್ ಎನ್ನುತ್ತಾರೆ. ಒಂದೊಂದು ಮಟ್ಟಿಗೂ ಹೆಚ್ಚಾಗಿ ಎರಡು ಭಾಗ. ಒಂದೊಂದು ಭಾಗವನ್ನೂ ಎರಡೆರಡು ಸಲ ನುಡಿಸುವುದು. ಕುಣಿತದ ಮಟ್ಟುಗಳಲ್ಲಿ ರೀಲ್ ಆದರೆ ಚತುರಶ್ರ ನಡೆ (ಪೆಟ್ಟಿಗೆ ನಾಲ್ಕು), ಜಿಗ್ ಆದರೆ ತಿಶ್ರ ನಡೆ (ಪೆಟ್ಟಿಗೆ ಮೂರು). ಆದಿತಾಳ ಹಾಕುತ್ತಾ ಹೋಗಿ: ಮೊದಲ ಭಾಗಕ್ಕೆ ಎರಡು ಆವರ್ತ, ಅದರ ಪುನರಾವೃತ್ತಿಗೆ ಎರಡು, ಎರಡನೆಯ ಭಾಗಕ್ಕೂ ಹಾಗೆಯೇ ಎರಡು ಮತ್ತು ಎರಡು. ಒಟ್ಟು 8 ಆವರ್ತ, 64 ಪೆಟ್ಟು. ನಿಮಿಷಕ್ಕೆ 112 ಪೆಟ್ಟಿನ ರೀಲ್‌ನಲ್ಲಿ ಇದಕ್ಕೆ ಹಿಡಿಯುವುದು ಸುಮಾರು 34 ಸೆಕೆಂಡು. ಮೂರು ಸುತ್ತು ನುಡಿಸಿದರೆ ಒಂದು ಮುಕ್ಕಾಲು ನಿಮಿಷ. ಅಂಥ ಮೂರು ಮಟ್ಟು ಸೇರಿದರೆ ಐದು ನಿಮಿಷದ ಟ್ರ್ಯಾಕ್.

ಹಾಗಾಗಿ 16ನೆಯ ಅಥವಾ 24ನೆಯ ಆವರ್ತ ಮುಗಿಯುವಾಗ ಕಿವಿ ನೆಟ್ಟಗಿರಲಿ. ಮಟ್ಟು ಬದಲಾಗುವ ಜಾಗ ಅದು. ಶ್ರುತಿಯೇ ಜಿಗಿಯಬಹುದು, ಗಿಟಾರು ತಟ್ಟನೆ ಸುಮ್ಮನಾಗಬಹುದು. ಸ್ಕಾಟ್ಲೆಂಡಿನ ಶ್ರೋತೃಗಳು ಕೂಗು ಹಾಕುವುದೂ ಅಲ್ಲೇ. ಲೆಕ್ಕ ತಪ್ಪಿದರೆ ಗಾಬರಿ ಬೇಡ. ಟಾಲಿಸ್ಕ್‌ನಂಥ ತಂಡಗಳು ಶುರುವಿನಲ್ಲೊಂದು ಪೀಠಿಕೆ, ನಡುವೆ ಒಂದು ತುಣುಕನ್ನೇ ಮತ್ತೆಮತ್ತೆ ತಿರುವುವುದು, ಹೀಗೆ ಚೌಕಟ್ಟನ್ನು ಬೇಕೆಂದೇ ಹಿಗ್ಗಿಸುತ್ತವೆ. ಮಟ್ಟಿನ ಮೊದಲ ಸಾಲು ಮರಳಿ ಬಂದ ಕೂಡಲೇ ಅಲ್ಲಿಂದ ತಾಳ ಹಿಡಿಯಿರಿ.

ಸ್ಟ್ರಾತ್‌ಸ್ಪೇ ಎಂಬ ಮೂರನೆಯ ಬಗೆಯೊಂದಿದೆ; ಸ್ಪೇ ನದಿಯ ಕಣಿವೆಯ ಹೆಸರೇ ಅದಕ್ಕೂ. ರೀಲ್‌ಗಿಂತ ನಿಧಾನ, ಆದರೆ ಕುಟುಕು ಜಾಸ್ತಿ. ಕುಟುಕಿಗೆ ಕಾರಣ ಸ್ಕಾಚ್ ಸ್ನ್ಯಾಪ್. ನಮ್ಮ ಛಂದಸ್ಸು ಓದಿದವರಿಗೆ ಹೇಳುವುದಾದರೆ, ಲಘುವಿನ ಹಿಂದೆಯೇ ಗುರು, ಪೆಟ್ಟು ಬೀಳುವುದು ಲಘುವಿನ ಮೇಲೆ. ‘ಬಿಡೀ’, ‘ತಡೀ’ ಅಂತ ಗದರಿದ ಹಾಗೆ. ನಮ್ಮ ಲಘು-ಗುರು ಒಂದಕ್ಕೆರಡು, ಅವರದು ಒಂದಕ್ಕೆ ಮೂರು. ಒಂದಕ್ಕೆರಡಾಗಿ ನುಡಿಸಿದರೆ ಜಿಗ್‌ನ ವಾಸನೆ ಬಂದುಬಿಡುತ್ತದೆ. ಹೊಸಬರು ಎಡವುವುದು ಇಲ್ಲೇ.

ಇನ್ನು ಆ ಆರು ಮೂಲೆಯ ಪೆಟ್ಟಿಗೆ. ಅಮಿನಿ ನುಡಿಸುವುದು ಆಂಗ್ಲೋ ಕಾನ್ಸರ್ಟಿನಾ. ಹಾರ್ಮೋನಿಯಂನ ದಾಯಾದಿ ಅನ್ನಿ: ಎರಡರಲ್ಲೂ ಗಾಳಿಗೆ ನಡುಗುವ ಲೋಹದ ರೀಡು, ತಿದಿ. ನಡೆ ಮಾತ್ರ ಮೌತ್ ಆರ್ಗನ್ನಿನದು. ಒಂದೇ ಗುಂಡಿ, ಒತ್ತಿದರೆ ಒಂದು ಸ್ವರ, ಎಳೆದರೆ ಇನ್ನೊಂದು. ‘ಸಿ’ಯೇ ಷಡ್ಜವಾಗಿರುವ ಗುಂಡಿಸಾಲಿನಲ್ಲಿ ಒತ್ತುವಾಗ ಸ-ಗ-ಪ, ಎಳೆಯುವಾಗ ರಿ-ಮ-ದ-ನಿ. ಸರಳೆ ನುಡಿಸಹೊರಟರೂ ತಿದಿ ಹಿಂದೆ-ಮುಂದೆ ಆಗಲೇಬೇಕು, ಒಂದೊಂದು ತಿರುವಿಗೂ ಸಣ್ಣದೊಂದು ಒದೆತ ತಾನಾಗಿ ಬೀಳುತ್ತದೆ. ಈ ತಂಡದ ಸದ್ದಿಗಿರುವ ಪುಟಿತದಲ್ಲಿ ಅರ್ಧ ಪಾಲು ಕಾನ್ಸರ್ಟಿನಾದ ಈ ‘ದೋಷ’ದ್ದೇ.

ಕಷ್ಟ ಬರುವುದು ಒಂದೇ ದಿಕ್ಕಿನ ಸ್ವರಗಳು ಸಾಲಾಗಿ ಬಂದಾಗ. ತಿದಿ ಪೂರ್ತಿ ಬಿಚ್ಚಿಕೊಂಡು ನಿಲ್ಲುತ್ತದೆ, ಮುಂದಿನ ಸ್ವರಕ್ಕೆ ಜಾಗವೇ ಇಲ್ಲ. ಅದಕ್ಕೆ ಎರಡು ಉಪಾಯ. ಸಾಮಾನ್ಯವಾದ 30 ಗುಂಡಿಯ ವಾದ್ಯದಲ್ಲಿ ಕೆಲವು ಸ್ವರಗಳು ಬೇರೆ ಸಾಲಿನಲ್ಲಿ ಎದುರು ದಿಕ್ಕಿಗೂ ಸಿಗುತ್ತವೆ. ನುರಿತವರು ಅಲ್ಲಿಗೆ ಬೆರಳು ಹಾರಿಸುತ್ತಾರೆ. ಇಲ್ಲವಾದರೆ ಬಲ ಹೆಬ್ಬೆರಳಿನಡಿಯ ಗಾಳಿಗುಂಡಿ ಒತ್ತಿ, ಸದ್ದಿಲ್ಲದೆ ಗಾಳಿ ಬಿಟ್ಟು, ತಿದಿಯನ್ನು ಹದಕ್ಕೆ ತರುವುದು. ಪೂರ್ತಿ ಸದ್ದಿಲ್ಲದೆ ಅಂತೇನೂ ಅಲ್ಲ. ಹತ್ತಿರ ಮೈಕು ಇಟ್ಟರೆ ಸಣ್ಣ ನಿಟ್ಟುಸಿರು ದಾಖಲಾಗುತ್ತದೆ. ಅದನ್ನು ಅಳಿಸದೆ ಬಿಟ್ಟ ಧ್ವನಿಮುದ್ರಣವೇ ವಾಸಿ.

ರೀಡಿನ ಶ್ರುತಿಯನ್ನು ಕುಳಿತಲ್ಲೇ ತಿದ್ದಲಾಗದು. ಆದ್ದರಿಂದ ಫಿಡಲ್, ಗಿಟಾರು ಎರಡೂ ಕಾನ್ಸರ್ಟಿನಾಕ್ಕೆ ತಲೆಬಾಗಿಯೇ ಶ್ರುತಿ ಮಾಡಿಕೊಳ್ಳಬೇಕು. ಉಲ್ಟಾ ಆಗುವ ಹಾಗಿಲ್ಲ.

ಗಿಟಾರಿನ ಗುಟ್ಟು ಕರ್ನಾಟಕ ಸಂಗೀತದ ಕಿವಿಗೆ ಬೇಗ ಹತ್ತುತ್ತದೆ. 1960ರ ದಶಕದಲ್ಲಿ ಇಂಗ್ಲಿಷ್ ಗಿಟಾರಿಗ ಡೇವಿ ಗ್ರಹಾಂ ಜನಪ್ರಿಯಗೊಳಿಸಿದ ‘ಡ್ಯಾಡ್‌ಗ್ಯಾಡ್’ ಎಂಬ ಶ್ರುತಿಕ್ರಮ ಈ ಸಂಗೀತದ ಗಿಟಾರಿಗರಲ್ಲಿ ಬಹಳ ಬಳಕೆಯಲ್ಲಿದೆ. ಎಂದಿನ ಶ್ರುತಿಯಿಂದ ಆರನೆಯ, ಎರಡನೆಯ, ಒಂದನೆಯ ತಂತಿಗಳನ್ನು ಎರಡೆರಡು ಮನೆಯಷ್ಟು ಇಳಿಸಿದರೆ ಆಯಿತು. ‘ಡಿ’ಯನ್ನು ಷಡ್ಜ ಎಂದುಕೊಂಡರೆ ಆರನೆಯ ತಂತಿಯಿಂದ ಒಂದನೆಯದರವರೆಗೆ: ಸ ಪ ಸ ಮ ಪ ಸ. ಗಾಂಧಾರ ಎಲ್ಲೂ ಇಲ್ಲ! ಅಂದರೆ ಈ ಗಿಟಾರು ಹರಿಕಾಂಭೋಜಿಯ ಸ್ವರಗಳಿರುವ ಮಟ್ಟಿಗೂ ಒಗ್ಗುತ್ತದೆ, ಖರಹರಪ್ರಿಯದ ಸ್ವರಗಳಿಗೂ ಒಗ್ಗುತ್ತದೆ, ಎರಡಕ್ಕೂ ವ್ಯತ್ಯಾಸ ಗಾಂಧಾರದ್ದೊಂದೇ; ಯಾವ ಗಾಂಧಾರ ಎಂದು ತೀರ್ಮಾನಿಸುವ ಹಕ್ಕು ಫಿಡಲ್‌ನದು, ಕಾನ್ಸರ್ಟಿನಾದ್ದು. ತಂಬೂರಿ ಮತ್ತು ಮೃದಂಗ ಎರಡರ ಕೆಲಸವೂ ಗಿಟಾರಿನ ತಲೆಗೆ. (ಸ್ವರಗಳು ಮಾತ್ರ ಅವು, ರಾಗ ಅಂದುಕೊಳ್ಳಬೇಡಿ, ಗಮಕವಿಲ್ಲದೆ ಎಲ್ಲಿಯ ಖರಹರಪ್ರಿಯ.)

ಮೂವರ ತಂಡದಲ್ಲಿ ಕೆಡುವುದೂ ಗಿಟಾರಿನ ಸುತ್ತಲೇ. ಕಾನ್ಸರ್ಟಿನಾದ ಎಡಗೈ ಸ್ವರಗುಚ್ಛ ಹಿಡಿದಾಗ ಗಿಟಾರೂ ಆರು ತಂತಿ ತುಂಬ ಬಾರಿಸಿದರೆ ನಡುಮಟ್ಟದಲ್ಲೆಲ್ಲ ಕೆಸರು, ಮಟ್ಟು ಮುಳುಗುತ್ತದೆ. ಹೆಡ್‌ಫೋನ್ ಹಾಕಿ ಗಮನಿಸಿ: ಮಟ್ಟು ಬಿಗಿಯಾಗುತ್ತಿದ್ದಂತೆ ಗಿಟಾರು ದಪ್ಪ ತಂತಿಗಳಿಗೆ ಇಳಿಯುತ್ತದೋ, ಬರೀ ಅಂಗೈಯಿಂದ ಅದುಮಿದ ಪೆಟ್ಟುಗಳಿಗೆ ಸರಿಯುತ್ತದೋ ಅಂತ. ಬಿಟ್ಟುಕೊಟ್ಟ ಜಾಗ ಎಷ್ಟು ಅನ್ನುವುದರಲ್ಲೇ ಗಿಟಾರಿಗನ ಬೆಲೆ.

ಪಿಟೀಲು ನುಡಿಸುವವರು ಇದನ್ನು ಕೈಯಲ್ಲಿ ಹಿಡಿಯಬೇಕೆಂದರೆ ಮೊದಲು ತಂತಿ ಬದಲಿಸಿ. ಫಿಡಲ್‌ನ ಶ್ರುತಿ ಜಿ-ಡಿ-ಎ-ಇ. ನಮ್ಮಲ್ಲಿ ಸ-ಪ-ಸ-ಪಕ್ಕೆ ಇಳಿಸಿ ಪಳಗಿದ ಹಳೆಯ ತಂತಿಯನ್ನು ‘ಇ’ತನಕ ಬಿಗಿದರೆ ಹರಿದುಹೋಗುವುದುಂಟು. ಎರಡನೆಯದು ಜಾರು, ಅಂದರೆ ಸ್ವರದಿಂದ ಸ್ವರಕ್ಕೆ ಬೆರಳು ಜಾರಿಸುವುದು. 112ರ ವೇಗದಲ್ಲಿ ಜಾರು ಹಾಕಿದರೆ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವರ ಅಲಂಕಾರ ಸ್ವರವನ್ನು ತೂಗುವುದಿಲ್ಲ, ಕತ್ತರಿಸುತ್ತದೆ: ಮೇಲಿನ ಬೆರಳು ಕ್ಷಣಮಾತ್ರ ತಗುಲಿ ಎದ್ದರೆ ‘ಕಟ್’, ಒಂದೇ ಸ್ವರವನ್ನು ಕಮಾನಿನಿಂದ ಮೂರು ಸಲ ಚಕಚಕನೆ ಕೊಯ್ದರೆ, ಎರಡು ಗಿಡ್ಡ ಒಂದು ಉದ್ದ, ‘ಬರ್ಲ್’. ಬರ್ಲ್ ಇಡೀ ತೋಳಿನಿಂದ ಬಾರದು, ಮಣಿಕಟ್ಟಿನಿಂದಲೇ ಬರಬೇಕು. ನಿಮಿಷಕ್ಕೆ 60ರಲ್ಲಿ ಶುರುಮಾಡಿ, ಕಮಾನಿನ ನಡುಭಾಗದ ಮೂರು ಬೆರಳಗಲದಷ್ಟನ್ನೇ ಬಳಸಿ.

‘ಅಬಿಸ್’ ಆದಮೇಲೆ 2018ರ ‘ಬಿಯಾಂಡ್’, 2022ರ ‘ಡಾನ್’ ಇವೆ. ‘ಬಿಯಾಂಡ್’ ಹೊತ್ತಿಗೆ ಗಿಟಾರು ಗ್ರೇಮ್ ಆರ್ಮ್‌ಸ್ಟ್ರಾಂಗ್ ಕೈಗೆ ಬಂದಿತ್ತು. ‘ಅಬಿಸ್’, ‘ಬಿಯಾಂಡ್’ ಎರಡನ್ನೂ ಒಂದರ ಹಿಂದೊಂದು ಹಾಕಿ, ಮಟ್ಟು ಮರೆತು, ದಪ್ಪ ತಂತಿಗಳನ್ನಷ್ಟೇ ಹಿಂಬಾಲಿಸಿ ಕೇಳಿ. ವೇಗ ಹಿಡಿಯಲು ಆಗದಿದ್ದರೆ ಪ್ಲೇಯರಿನಲ್ಲಿ 0.75ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಹೋದರೆ ಕಾನ್ಸರ್ಟಿನಾ ಗೊರಗೊರ ಅನ್ನತೊಡಗುತ್ತದೆ.